ಅಸಂಗಿಯಿಂದ ಬೆಂಕಿಯ ದ್ವೀಪಕ್ಕೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಅಸಂಗಿಯಲ್ಲಿ ಬಾವಿ ತೋಡಿದವರನ್ನು ಯಾರನ್ನಾದರೂ ಕೇಳಿ ನೋಡಿ. ಮೇಲೆ ಕರಿಮಣ್ಣು, ಅದರ ಕೆಳಗೆ ಮುರುಮು, ಅದರ ಕೆಳಗೆ ಕರಿಕಲ್ಲು. ಹಾರೆ ಬಡಿದರೆ ಕಿಡಿ ಹಾರುತ್ತದೆ, ಕಲ್ಲು ಅಲುಗುವುದಿಲ್ಲ. ನಮ್ಮ ಮನೆಯ ಮುತ್ಯಾ ಪ್ರಾಯದಲ್ಲಿ ಊರೂರು ತಿರುಗಿ ಬಾವಿ ತೋಡಿದವರು. ಈಗ ಎಪ್ಪತ್ತು ದಾಟಿದೆ. ಆ ಕಲ್ಲಿನ ಮೇಲೆ ಅವರಿಗೆ ಇನ್ನೂ ಸಿಟ್ಟಿದೆ. "ಈ ಕಲ್ಲ ನಮ್ಮ ಬೆನ್ನ ಮುರೀತು, ನೀರು ಮಾತ್ರ ಕೊಡಲಿಲ್ಲ" ಎನ್ನುತ್ತಾರೆ. ಬರಗಾಲದ ಬೇಸಿಗೆಯಲ್ಲಿ ಕೊಡಗಳನ್ನು ಸಾಲಾಗಿಟ್ಟು ಟ್ಯಾಂಕರ್ ದಾರಿ ಕಾಯ್ದವರಿಗೆ ಈ ಮಾತು ಅರ್ಥವಾಗುತ್ತದೆ.

ಈ ಕಲ್ಲು ಬೆಂಕಿಯಿಂದ ಬಂದದ್ದು ಎಂದು ಮನೆಯಲ್ಲಿ ಮೊದಲು ಹೇಳಿದವನು ಆರನೆಯ ತರಗತಿಯಲ್ಲಿ ಓದುವ ನಮ್ಮ ಕಿರಿಯವನು. ಶಾಲೆಯಲ್ಲಿ ಗುರುಗಳು ಹೇಳಿದ್ದರಂತೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಪದರದ ಮೇಲೆ ಪದರವಾಗಿ ಆರಿ ಗಟ್ಟಿಯಾಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಹೊದಿಸಿದೆ. ಇದೇ ದಖ್ಖನ್ ಟ್ರ್ಯಾಪ್. ಅಸಂಗಿ ಕುಳಿತಿರುವುದು ಅದರ ಮೇಲೆ. ಮುತ್ಯಾ ಇದನ್ನು ಕೇಳಿ ನಕ್ಕುಬಿಟ್ಟರು. "ಬೆಂಕಿ ಇದ್ದಲ್ಲಿ ನೀರು ಎಲ್ಲಿ ಸಿಗಬೇಕೋ ತಮ್ಮಾ?"

ಅದೇ ಹುಡುಗ ಒಂದು ರಾತ್ರಿ ಟಿ.ವಿ.ಯಲ್ಲಿ ಗಲಾಪಗೋಸ್ ದ್ವೀಪಗಳ ಚಿತ್ರ ನೋಡಿದ. ದಕ್ಷಿಣ ಅಮೆರಿಕದ ಇಕ್ವಡಾರ್ ದೇಶದ ದಡದಿಂದ ಸುಮಾರು ಸಾವಿರ ಕಿಲೋಮೀಟರ್ ಆಚೆ, ಶಾಂತಸಾಗರದ ನಡುವೆ ಇರುವ ಜ್ವಾಲಾಮುಖಿ ದ್ವೀಪಗಳವು. ಒಂದು ಚಿಕ್ಕ ಹಡಗು ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ. ಕರಿಬಂಡೆಗಳ ಮೇಲೆ ಓತಿಕ್ಯಾತದಂಥ ದೊಡ್ಡ ಪ್ರಾಣಿಗಳು ಬಿಸಿಲು ಕಾಯುತ್ತಿರುತ್ತವೆ. ಎತ್ತಿನ ಗಾಡಿಯಷ್ಟು ನಿಧಾನವಾಗಿ ನಡೆಯುವ ಆಮೆಗಳು. ಮನುಷ್ಯ ಪಕ್ಕದಲ್ಲಿ ನಿಂತರೂ ಹಾರದ ಹಕ್ಕಿಗಳು. "ನಾವೂ ಹೋಗೋಣ" ಎಂದು ಹುಡುಗ ಹಠ ಹಿಡಿದ. ದ್ವೀಪಕ್ಕೆ ಕಾಲಿಡಲು ವಿದೇಶಿಯರು ಕೊಡಬೇಕಾದ ಪ್ರವೇಶ ಶುಲ್ಕವೇ 2024ರ ಆಗಸ್ಟ್‌ನಿಂದ 200 ಡಾಲರ್. ವಿಮಾನ, ಹಡಗಿನ ಖರ್ಚು ಬೇರೆ. ಇಡೀ ವರ್ಷದ ದ್ರಾಕ್ಷಿ ಮಾರಿದರೂ ಅರ್ಧ ದಾರಿ ಮುಟ್ಟುವುದು ಕಷ್ಟ.

ಉಡುಪಿಯಲ್ಲಿ ಓದಿ ಬಂದ ನಮ್ಮ ನೆಂಟರ ಹುಡುಗಿ ಆಗ ಹೇಳಿದ್ದು: "ಅಷ್ಟು ದೂರ ಯಾಕ? ಬೆಂಕಿಯಿಂದ ಹುಟ್ಟಿದ ದ್ವೀಪ ಮಲ್ಪೆಯೊಳಗ ಐತಿ. ನಮ್ಮ ಮರಿಯಮ್ಮನವರ ಹೆಸರs ಅದಕ್ಕ."

ಹೀಗೆ ಕಳೆದ ಡಿಸೆಂಬರ್ ರಜೆಯಲ್ಲಿ ಎರಡು ಮನೆಗಳ ಹನ್ನೊಂದು ಮಂದಿ ಒಂದು ಕ್ರೂಸರ್ ಬಾಡಿಗೆಗೆ ಹಿಡಿದು ಹೊರಟೆವು. ಅಥಣಿ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಆಚೆ ಅರಬೈಲು ಘಟ್ಟ ಇಳಿದು, ಅಂಕೋಲೆಯಲ್ಲಿ ಮೊದಲ ಬಾರಿಗೆ ಸಮುದ್ರದ ಗಾಳಿ ಮುಖಕ್ಕೆ ಬಡಿಯಿತು. ನಮ್ಮಲ್ಲಿ ಏಳು ಮಂದಿ ಅದುವರೆಗೆ ಸಮುದ್ರ ಕಂಡವರಲ್ಲ. ಘಟ್ಟದ ತಿರುವುಗಳಲ್ಲಿ ಯಾರ್‍ಯಾರಿಗೆ ವಾಂತಿಯಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮಲ್ಪೆ ಬಂದರಿನಿಂದ ದ್ವೀಪಕ್ಕೆ ಆರೇಳು ಕಿಲೋಮೀಟರ್. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ; ಅಕ್ಟೋಬರ್ ಸುಮಾರಿಗೆ ಶುರುವಾಗಿ ಮೇ ತಿಂಗಳವರೆಗೆ ಓಡಾಡುತ್ತವೆ. ನಾವು ಹತ್ತಿದ ದೋಣಿಯ ಚಾಲಕರು ನಾಲ್ಕು ತಲೆಮಾರಿನಿಂದ ಮೀನು ಹಿಡಿದವರ ಮನೆಯವರು. "ಡಾಲ್ಫಿನ್ ಉಂಟಾ?" ಎಂದು ಹುಡುಗ ಅವರದೇ ಭಾಷೆಯಲ್ಲಿ ಕೇಳಿದ. "ಉಂಟು ಮಾರಾಯ. ಆದ್ರೆ ಅದು ನಾವು ಕರೆದಾಗ ಬರುದಿಲ್ಲ, ಅದಕ್ಕೆ ಮನಸ್ಸಾದಾಗ ಬರ್ತದೆ" ಎಂದರು ಅವರು. ದಾರಿಯ ಅರ್ಧದಲ್ಲಿ ಅದಕ್ಕೆ ಮನಸ್ಸಾಯಿತು. ಬೂದು ಬಣ್ಣದ ಬೆನ್ನೊಂದು ನೀರಿನ ಮೇಲೆ ಕಮಾನಿನಂತೆ ಎದ್ದು ಮುಳುಗಿತು. ಹಿಂದೆಯೇ ಇನ್ನೊಂದು. ಬೆನ್ನಿನ ಮೇಲೆ ಗೂನಿನಂಥ ಉಬ್ಬು. ಗೂನುಬೆನ್ನಿನ ಡಾಲ್ಫಿನ್ ಎಂದು ಇದನ್ನು ಕರೆಯುವುದು ಅದಕ್ಕೇ. ದಡದ ಹತ್ತಿರದ ಆಳವಿಲ್ಲದ ನೀರೇ ಇದರ ಮನೆ. ಚಾಲಕರು ಬೆನ್ನಟ್ಟಲಿಲ್ಲ. ಇಂಜಿನ್ ಸದ್ದು ತಗ್ಗಿಸಿ ಸುಮ್ಮನೆ ನಿಂತರು. ಯಾರಾದರೂ ಹೇಳಿಕೊಟ್ಟಿದ್ದರೋ, ಮೀನುಗಾರನ ಸಹಜ ಮರ್ಯಾದೆಯೋ, ಅಂತೂ ನಮಗೆ ಅದು ಇಷ್ಟವಾಯಿತು.

ದ್ವೀಪ ಹತ್ತಿರವಾದಂತೆ ದಡದಲ್ಲಿ ನೀರು ತೆಳುವಾಗುತ್ತದೆ. ಆದ್ದರಿಂದ ನಾವು ಹೋದ ದಿನ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ದಾಟಿಸಿದರು. ಅಲೆಗೆ ಎರಡೂ ದೋಣಿ ಏರಿಳಿಯುವಾಗ ಮುತ್ಯಾನ ಧೋತರ ಹಿಡಿದು, ಅವ್ವನ ಕೈ ಹಿಡಿದು, ಅಂತೂ ಎಲ್ಲರೂ ದಾಟಿದೆವು.

ಇಲ್ಲಿರುವುದು ಒಂದೇ ದ್ವೀಪವಲ್ಲ. ದಡಕ್ಕೆ ಸಮವಾಗಿ ಸಾಲಾಗಿ ನಿಂತ ಸಣ್ಣಪುಟ್ಟ ದ್ವೀಪಗಳು. ದೋಣಿಗಳು ಹೋಗುವುದು ತೆಂಗಿನ ದ್ವೀಪಕ್ಕೆ. ಊರವರು ತೋನ್ಸೆಪಾರ್ ಎನ್ನುತ್ತಾರೆ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್, ಜನವಸತಿ ಇಲ್ಲ. ತೆಂಗಿನ ಮರಗಳ ಕೆಳಗಿನಿಂದ ಪಡುವಣ ದಿಕ್ಕಿಗೆ ನಡೆದು ಬಂಡೆಗಳ ಎದುರು ನಿಂತಾಗ ಮುತ್ಯಾ ಮಾತಾಡಲಿಲ್ಲ. ಕಲ್ಲಿನ ಕಂಬಗಳು. ಐದು ಮುಖ, ಆರು ಮುಖ, ಕೆಲವಕ್ಕೆ ಏಳು ಮುಖ. ಒಂದಕ್ಕೊಂದು ಅಂಟಿಕೊಂಡು, ಯಾರೋ ಕಲ್ಲುಕುಟಿಗರು ಅಳತೆ ಹಿಡಿದು ಕಡೆದು ಜೋಡಿಸಿದಂತೆ ನಿಂತಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಮೇಲೆ.

ಬಹಳ ಹೊತ್ತಿನ ಮೇಲೆ ಮುತ್ಯಾ ಕಂಬದ ತಲೆಯ ಮೇಲೆ ಅಂಗೈ ಇಟ್ಟು ಹೇಳಿದರು: "ಅಲ್ಲೋ ತಮ್ಮಾ, ಇದು ನಮ್ಮ ಬಾವ್ಯಾನ ಕಲ್ಲ ಐತಲ್ಲೋ. ಇಲ್ಲಿ ಹ್ಯಾಂಗ ಬಂತು?"

ಮುತ್ಯಾ ಹೇಳಿದ್ದು ಅರ್ಧ ಸರಿ. ಇದೂ ಬೆಂಕಿಯ ಕಲ್ಲೇ. ಆದರೆ ನಮ್ಮ ಕಲ್ಲಿಗಿಂತ ಹಳೆಯದು, 8.5ರಿಂದ 9 ಕೋಟಿ ವರ್ಷಗಳಷ್ಟು ಹಿಂದಿನದು ಎಂದು ಅಳೆದಿದ್ದಾರೆ. ಆಗ ಭಾರತ ಮತ್ತು ಆಫ್ರಿಕಾದ ಪಕ್ಕದ ಮಡಗಾಸ್ಕರ್ ಒಂದೇ ನೆಲವಾಗಿದ್ದು ಬೇರ್ಪಡುತ್ತಿದ್ದ ಕಾಲ. ಆ ಸೀಳಿನಲ್ಲಿ ಎದ್ದ ಲಾವಾ ಇಲ್ಲಿದೆ. ಅದೇ ಕಾಲದ ಲಾವಾ ಮಡಗಾಸ್ಕರ್‌ನಲ್ಲೂ ಇದೆ. ಇದನ್ನು ಬಸಾಲ್ಟ್ ಎಂದೇ ಹಲವು ಕಡೆ ಬರೆಯುತ್ತಾರೆ. ಭೂವಿಜ್ಞಾನಿಗಳು ಇದನ್ನು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಗೆ ಸೇರಿಸುತ್ತಾರೆ. ನಮ್ಮ ಕಲ್ಲು ನಿಜವಾದ ಬಸಾಲ್ಟ್. ಅಂದರೆ ಇವೆರಡೂ ಒಂದೇ ಮನೆಯವಲ್ಲ, ಒಂದೇ ಕುಲದವು ಎನ್ನಬಹುದು.

ಕಂಬಗಳು ಹೇಗಾದವು ಎಂಬುದನ್ನು ನಮ್ಮ ಊರಿನವರಿಗೆ ವಿವರಿಸುವುದು ಸುಲಭ. ಕೆರೆ ಬತ್ತಿದಾಗ ಅಂಗಳದ ಕೆಸರು ಬಿರಿಯುವುದನ್ನು ನೋಡಿದ್ದೀರಲ್ಲ? ಒಣಗುತ್ತ ಮಣ್ಣು ಕುಗ್ಗುತ್ತದೆ, ಕುಗ್ಗಿದ್ದು ಐದಾರು ಮೂಲೆಯ ಹೆಂಟೆಗಳಾಗಿ ಸೀಳುತ್ತದೆ. ಲಾವಾ ಕೂಡ ಆರುತ್ತ ಕುಗ್ಗುತ್ತದೆ, ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗುತ್ತದೆ, ಕಂಬ ಉಳಿಯುತ್ತದೆ. ಮುಂಬೈಗೆ ದುಡಿಯಲು ಹೋದ ನಮ್ಮ ಕಡೆಯವರು ಅಂಧೇರಿಯ ಗಿಲ್ಬರ್ಟ್ ಹಿಲ್ ಕಂಡಿರಬಹುದು. ತಲೆಯ ಮೇಲೆ ಗಾಂವದೇವಿಯ ಗುಡಿ ಹೊತ್ತ ಆ ಒಂಟಿ ಗುಡ್ಡವೂ ಇಂಥ ಕಂಬಗಳ ಕಟ್ಟೇ, ಅದು ನಮ್ಮ ದಖ್ಖನ್ ಕಾಲದ್ದು. ಮಲ್ಪೆಯ ಈ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಅದೇ ಗೌರವ ಇದೆ.

ಇನ್ನು ಹೆಸರಿನ ವಿಷಯ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದನೆಂದು ಬಹಳ ಮಂದಿ ಹೇಳುತ್ತಾರೆ. ಅದು ತಪ್ಪು. ಅವನು ಕಲ್ಲಿಕೋಟೆ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿನ ಅರಸನೊಡನೆ ಮನಸ್ತಾಪವಾಗಿ ಆಗಸ್ಟ್ ಕೊನೆಯಲ್ಲಿ ಹೊರಟ. ಊರಿಗೆ ಹಿಂದಿರುಗುವಾಗ, ಸೆಪ್ಟೆಂಬರ್‌ನಲ್ಲಿ, ದಡಕ್ಕೆ ಸಮೀಪದ ಈ ದ್ವೀಪಗಳ ಬಳಿ ನಿಂತು ಒಂದು ಕಂಬ ನೆಡಿಸಿದನೆಂದು ಅವನ ಜತೆಗಿದ್ದವರೊಬ್ಬರ ದಿನಚರಿ ಹೇಳುತ್ತದೆ. ದೊರೆ ಕೊಟ್ಟು ಕಳಿಸಿದ ಮೂರು ಕಂಬಗಳಲ್ಲಿ ಸಂತ ರಫಾಯೇಲ, ಸಂತ ಗಾಬ್ರಿಯೇಲರ ಹೆಸರಿನವು ಆಗಲೇ ನೆಟ್ಟಾಗಿತ್ತು. ಉಳಿದಿದ್ದು ಸಂತ ಮರಿಯಳದು. ಹಾಗಾಗಿ ದ್ವೀಪಕ್ಕೆ ಆ ಹೆಸರು. ದೋಣಿಯಲ್ಲಿ ಬಂದ ಮೀನುಗಾರರು ಅವರಿಗೆ ಮೀನು ತಂದರಂತೆ. ಕಂಬ ಇಂದು ಅಲ್ಲಿಲ್ಲ. ಮೀನುಗಾರರಿದ್ದಾರೆ.

ಬಂಡೆಗಳ ಮೇಲೆ ಕುಳಿತು ಬುತ್ತಿ ಬಿಚ್ಚುವ ಮೊದಲು ನಾವು ಒಂದು ಗಂಟೆ ಹಕ್ಕಿ ನೋಡಿದೆವು. ಕಂದು ಮೈ, ಬಿಳಿ ತಲೆಯ ಗರುಡಗಳು ತೆಂಗಿನ ಮೇಲಿಂದ ಇಳಿದು ನೀರಿನ ಮೈಯಿಂದ ಮೀನು ಎತ್ತಿಕೊಂಡು ಹೋದವು. ಅದಕ್ಕಿಂತ ದೊಡ್ಡದು, ಬಿಳಿಹೊಟ್ಟೆಯ ಕಡಲ ಹದ್ದು, ಒಂದು ಸಲ ಮಾತ್ರ ದೂರದಲ್ಲಿ ಸುತ್ತು ಹಾಕಿತು. ಅಲೆ ಒಡೆಯುವ ಜಾಗದಲ್ಲಿ ಬೂದು ಬಣ್ಣದ ಬಕವೊಂದು ಕಲ್ಲಿನಂತೆ ನಿಂತಿತ್ತು. ಅದು ಹಕ್ಕಿ ಎಂದು ತಿಳಿಯಲು ನಮಗೆ ಹೊತ್ತು ಬೇಕಾಯಿತು. ಕಂಬಗಳ ಸಂದಿಯ ನೀರಿನಲ್ಲಿ ಏಡಿಗಳು ಅಡ್ಡಡ್ಡ ಓಡುತ್ತಿದ್ದವು. ಚಳಿಗಾಲಕ್ಕೆ ಉತ್ತರದ ಶೀತ ದೇಶಗಳಿಂದ ಬಂದ ಕಡಲಕ್ಕಿಗಳು ಗುಂಪಾಗಿ ನೀರಿನ ಮೇಲೆ ತೇಲುತ್ತಿದ್ದವು. ಹತ್ತು ಗಂಟೆಯ ಹೊತ್ತಿಗೆ ಮೂರನೆಯ ದೋಣಿ ಬಂತು. ಆಮೇಲೆ ನಾಲ್ಕನೆಯದು. ಬಕ ಎದ್ದು ಹೋಯಿತು. ಕಡಲಕ್ಕಿಗಳೂ ಹೋದವು. ಹುಡುಗ ಕೇಳಿದ: "ಟಿ.ವಿ.ಯೊಳಗಿನ ಹಕ್ಕಿ ಹಾರಲಿಲ್ಲ. ಇವು ಯಾಕ ಹಾರ್‍ತಾವ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಗಲಾಪಗೋಸ್‌ಗೇ ಹೋಗಬೇಕು. ಅಲ್ಲಿನ ಕಥೆ ಶುರುವಾಗುವುದು ಒಬ್ಬ ಧರ್ಮಾಧ್ಯಕ್ಷರಿಂದ ಎಂಬುದು ನಮಗೂ ಹೊಸ ಸಂಗತಿಯಾಗಿತ್ತು. ಪನಾಮದ ಧರ್ಮಾಧ್ಯಕ್ಷ, ಡೊಮಿನಿಕನ್ ಸಭೆಯ ತೊಮಾಸ್ ದೆ ಬೆರ್ಲಾಂಗಾ ಅವರು 1535ರಲ್ಲಿ ಪೆರು ದೇಶಕ್ಕೆ ಹಡಗಿನಲ್ಲಿ ಹೊರಟಿದ್ದರು. ಗಾಳಿ ನಿಂತುಹೋಯಿತು. ಸಮುದ್ರದ ಸೆಳೆತ ಹಡಗನ್ನು ಎಳೆದುಕೊಂಡು ಹೋಯಿತು. ಮಾರ್ಚ್ 10ರಂದು ನಕ್ಷೆಯಲ್ಲಿಲ್ಲದ ದ್ವೀಪ ಕಂಡಿತು. ಹಡಗಿನಲ್ಲಿ ಕುಡಿಯುವ ನೀರು ಉಳಿದಿದ್ದು ಎರಡು ದಿನಕ್ಕೆ ಮಾತ್ರ. ಇಳಿದು ಹುಡುಕಿದರು, ನೀರಿಲ್ಲ. ಬಾವಿ ತೋಡಿದರು, ಬಂದ ನೀರು ಸಮುದ್ರಕ್ಕಿಂತ ಉಪ್ಪು. ಕಡೆಗೆ ಕಳ್ಳಿಯ ಹಾಳೆಗಳನ್ನು ಹಿಂಡಿ ಕುಡಿದರು. ನಮ್ಮ ಬೇಲಿಯ ಪಾಪಾಸುಕಳ್ಳಿಯ ಜಾತಿಯೇ ಅದು. ಬಲಿಪೂಜೆ ಅರ್ಪಿಸಿ, ಇಬ್ಬಿಬ್ಬರು ಮೂವರಂತೆ ಜನರನ್ನು ಹುಡುಕಲು ಕಳಿಸಿದರು. ಕಲ್ಲುಕೊರಕಲಿನಲ್ಲಿ ನೀರು ಸಿಕ್ಕಿತು. ಆದರೂ ನೀರಿನ ಕೊರತೆಯಿಂದ ಇಬ್ಬರು ಮನುಷ್ಯರೂ ಹತ್ತು ಕುದುರೆಗಳೂ ಸತ್ತವು.

ದೇವರು ಕಲ್ಲಿನ ಮಳೆ ಸುರಿಸಿದಂತಿರುವ ನೆಲ ಎಂಬರ್ಥದಲ್ಲಿ ಅವರು ಚಕ್ರವರ್ತಿಗೆ ಬರೆದರು. ಅಲ್ಲಿನ ಹಕ್ಕಿಗಳಿಗೆ ಓಡಬೇಕೆಂಬುದೂ ತಿಳಿಯದು, ಕೈಯಿಂದಲೇ ಹಿಡಿಯಬಹುದು ಎಂದೂ ಬರೆದರು. ಈ ಕಥೆಯನ್ನು ಹೇಳಿದಾಗ ಮುತ್ಯಾ ಕೇಳಿದ್ದು ಹಕ್ಕಿಯ ಬಗ್ಗೆ ಅಲ್ಲ. "ಆ ಬಾವಿ ಎಷ್ಟು ಫೂಟ ತೋಡಿದ್ರಂತ?"

ಕೈಗೆ ಸಿಗುವ ಪ್ರಾಣಿಗಳ ಗತಿ ಮುಂದೆ ಏನಾಯಿತು ಎಂದು ನೀವೇ ಊಹಿಸಬಹುದು. ತಿಮಿಂಗಿಲ ಬೇಟೆಯ ಹಡಗುಗಳು ದೊಡ್ಡ ಆಮೆಗಳನ್ನು ಸಾವಿರಗಟ್ಟಲೆ ಹೊತ್ತೊಯ್ದವು. ತಿಂಗಳುಗಟ್ಟಲೆ ಮೇವು ನೀರಿಲ್ಲದೆ ಬದುಕುವ ಆಮೆ ಅವರಿಗೆ ಜೀವಂತ ಮಾಂಸದ ಮೂಟೆ. ಮನುಷ್ಯ ತಂದುಬಿಟ್ಟ ಆಡುಗಳು ಉಳಿದದ್ದನ್ನು ಮೇಯ್ದವು. ಪಿಂಟಾ ಎಂಬ ದ್ವೀಪದಲ್ಲಿ 1959ರಲ್ಲಿ ಮೂರೇ ಮೂರು ಆಡು ಬಿಟ್ಟರು. ಕೆಲವೇ ವರ್ಷಗಳಲ್ಲಿ ಅವು ಹತ್ತಾರು ಸಾವಿರವಾದವು. ಮಾಡಗ್ಯಾಳ ಕುರಿಯ ಸೀಮೆಯವರಾದ ನಮಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ದ್ವೀಪದ ಆಮೆಗಳಲ್ಲಿ 1971ರಲ್ಲಿ ಕಂಡದ್ದು ಒಂದೇ ಗಂಡು. ಜಾರ್ಜ್ ಎಂದು ಹೆಸರಿಟ್ಟು ಸಾಕಿದರು. ಜೊತೆ ಸಿಗದೆ ಅದು 2012ರ ಜೂನ್‌ನಲ್ಲಿ ಸತ್ತಿತು. ಅಲ್ಲಿಗೆ ಆ ವಂಶ ಮುಗಿಯಿತು.

ಇಷ್ಟೆಲ್ಲ ಕಳೆದುಕೊಂಡ ಮೇಲೆ ಬಂದದ್ದು ಇಂದಿನ ಚಿಕ್ಕ ಹಡಗಿನ ಪ್ರಯಾಣ. 1959ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರಾಣಿ ನೋಡಲು ಬರುವ ಹಡಗು ನೂರು ಪ್ರಯಾಣಿಕರಿಗಿಂತ ಹೆಚ್ಚು ಹೊರುವಂತಿಲ್ಲ. ಬಹಳಷ್ಟು ಹಡಗುಗಳಲ್ಲಿ ಹದಿನಾರೇ ಮಂದಿ. ದಡಕ್ಕೆ ಇಳಿಸುವುದು ಚಿಕ್ಕ ದೋಣಿಯಲ್ಲಿ, ಮಲ್ಪೆಯಲ್ಲಿ ನಮ್ಮನ್ನು ಇಳಿಸಿದಂತೆಯೇ. ಆದರೆ ಹದಿನಾರು ಮಂದಿಗೆ ಒಬ್ಬ ಮಾರ್ಗದರ್ಶಿ ಇರಲೇಬೇಕು, ಗುರುತು ಹಾಕಿದ ಕಾಲುದಾರಿ ಬಿಡುವಂತಿಲ್ಲ, ಪ್ರಾಣಿಯಿಂದ ಎರಡು ಮೀಟರ್ ದೂರ, ತಿಂಡಿ ಒಯ್ಯುವಂತಿಲ್ಲ, ಕಲ್ಲು, ಚಿಪ್ಪು, ಗರಿ ಯಾವುದನ್ನೂ ಎತ್ತುವಂತಿಲ್ಲ. ಒಂದು ದ್ವೀಪದ ಬೀಜವೋ ಇರುವೆಯೋ ಇನ್ನೊಂದಕ್ಕೆ ಹೋಗದಿರಲೆಂದು ಕಾಲಿನ ಮರಳು ತೊಳೆದೇ ಹಡಗು ಹತ್ತಬೇಕು. ಯಾವ ಹಡಗು ಯಾವ ದಿನ ಎಲ್ಲಿ ನಿಲ್ಲಬೇಕೆಂದು ಉದ್ಯಾನದವರೇ ಗೊತ್ತುಮಾಡುತ್ತಾರೆ. ಅಲ್ಲಿನ ಹಕ್ಕಿ ಹಾರದಿರುವುದಕ್ಕೆ ಅರ್ಧ ಕಾರಣ ಅದರ ಸ್ವಭಾವ. ಇನ್ನರ್ಧ ಈ ಕಟ್ಟುಪಾಡು.

ನಮ್ಮ ದೇಶದಲ್ಲಿ ಇಂದಿಗೂ ಹೊಗೆಯಾಡುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್ ಎಂದು ನಾವು ಓದಿದ, 2024ರಿಂದ ಶ್ರೀ ವಿಜಯ ಪುರಂ ಎಂದಾದ ಪಟ್ಟಣದಿಂದ ಅದು ಸುಮಾರು 140 ಕಿಲೋಮೀಟರ್ ದೂರ. 1787ರಲ್ಲಿ ಮೊದಲ ಸ್ಫೋಟ ದಾಖಲಾಯಿತು. ಬಹುಕಾಲ ಮಲಗಿದ್ದು 1991ರಲ್ಲಿ ಎದ್ದಿತು, ಆಮೇಲೆ ಹಲವು ಸಲ ಉಗುಳಿದೆ. ಅದನ್ನು ಹಡಗಿನಿಂದ ನೋಡಬಹುದು, ಇಳಿಯುವಂತಿಲ್ಲ. ಅದಕ್ಕೆ ಕಾವಲುಗಾರನ ಅಗತ್ಯವೇ ಇಲ್ಲ, ಬೆಂಕಿಯೇ ಕಾಯುತ್ತಿದೆ.

ಮಲ್ಪೆಯ ಬೆಂಕಿ ಆರಿ ಒಂಬತ್ತು ಕೋಟಿ ವರ್ಷವಾಗಿದೆ. ಅದನ್ನು ಕಾಯಬೇಕಾದವರು ನಾವು. ಮಧ್ಯಾಹ್ನದ ಹೊತ್ತಿಗೆ ದ್ವೀಪದ ಮೇಲೆ ನೂರಾರು ಮಂದಿ. ಕಂಬಗಳ ಮೇಲೆ ಕೊರೆದ ಹೆಸರುಗಳನ್ನು ಕಂಡೆವು, ಪ್ರೀತಿಯ ಗುರುತುಗಳೂ ಇದ್ದವು. ಸಂದಿಗಳಲ್ಲಿ ಬಾಟಲಿ ಮುಚ್ಚಳಗಳು, ಚಿಪ್ಸ್ ಪೊಟ್ಟಣಗಳು. ಕಾವಲಿನವರು ಸೀಟಿ ಊದಿ ಊದಿ ಸುಸ್ತಾಗಿದ್ದರು. ಒಬ್ಬರನ್ನು ಇಳಿಸಿದರೆ ಇಬ್ಬರು ಫೋಟೋಗಾಗಿ ಅಂಚಿನ ಬಂಡೆ ಹತ್ತುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ಮೂವರು ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಪಾಚಿ ಹಿಡಿದ ಕಂಬದ ತಲೆ ಎಣ್ಣೆ ಸವರಿದಂತೆ ಜಾರುತ್ತದೆ; ಅಲೆ ಹೇಳಿ ಬರುವುದಿಲ್ಲ.

ದ್ವೀಪವನ್ನು ಮುಚ್ಚಿಬಿಡಿ ಎಂದು ನಾವು ಹೇಳುವುದಿಲ್ಲ. ಮುಚ್ಚಿದ್ದರೆ ನಾವೂ ನೋಡುತ್ತಿರಲಿಲ್ಲ. ದೋಣಿಯವರ ಮನೆಯ ಒಲೆಯೂ ಅದರಿಂದಲೇ ಉರಿಯುತ್ತದೆ. ಆದರೆ ಒಂದು ಹೊತ್ತಿಗೆ ಇಷ್ಟೇ ಜನ ಎಂಬ ಲೆಕ್ಕ, ಕಂಬದ ಕಥೆ ಹೇಳುವ ಒಬ್ಬ ಊರಿನ ಯುವಕ, ಮುಂಜಾನೆಯ ಒಂದೆರಡು ಗಂಟೆ ಹಕ್ಕಿಗಳಿಗೆ ಬಿಟ್ಟುಕೊಡುವ ಏರ್ಪಾಟು, ಇವಕ್ಕೆ ಡಾಲರ್ ಬೇಕಿಲ್ಲ. ನಮ್ಮ ದೋಣಿಯ ಚಾಲಕರಂಥವರು ಹತ್ತು ಮಂದಿ ಸಾಕು.

ಮರುದಿನ ಭಾನುವಾರ. ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯದಲ್ಲಿ ಬಲಿಪೂಜೆಗೆ ಹೋದೆವು. 2012ರಲ್ಲಿ ಉಡುಪಿ ಧರ್ಮಕ್ಷೇತ್ರವಾದಾಗ ಇದೇ ಪ್ರಧಾನಾಲಯವಾಯಿತು. ಪೂಜೆ ಕೊಂಕಣಿಯಲ್ಲಿ, ಮರಾಠಿ ಕಿವಿಯಿದ್ದ ನಮಗೆ ಅರ್ಧಕ್ಕರ್ಧ ತಿಳಿಯಿತು. ಮಧ್ಯಾಹ್ನ ಮೀನಿನ ಊಟ. ಅವ್ವ ಮಾತ್ರ ರೊಟ್ಟಿ ಬುತ್ತಿಯನ್ನೇ ಬಿಚ್ಚಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾವು ಒಳ್ಳೆಯವರಾಗಿ ಉಳಿಯುತ್ತಿದ್ದೆವು. ಊರಿಗೆ ಬಂದ ಮೂರನೆಯ ದಿನ ಅವ್ವ ಬಟ್ಟೆ ಒಗೆಯಲು ಹುಡುಗನ ಚೀಲ ಕೊಡವಿದಾಗ ಠಣ್ ಎಂದು ಒಂದು ಕಲ್ಲು ಬಿತ್ತು. ಅಂಗೈಯಷ್ಟು ಅಗಲ. ಎರಡು ಮುಖ ಚಪ್ಪಟೆ, ನಡುವೆ ಒಂದು ಸರಿಯಾದ ಮೂಲೆ. ಕಂಬದಿಂದ ಮುರಿದು ಬಿದ್ದ ಚೂರು. "ನಾ ಮುರದಿಲ್ಲ, ಬಿದ್ದಿತ್ತು" ಎಂದು ಹುಡುಗ ಅತ್ತ. ದಾರಿಯುದ್ದಕ್ಕೂ ಅವನಿಗೆ ಗಲಾಪಗೋಸ್‌ನ ಕಟ್ಟುಪಾಡು ಹೇಳುತ್ತ ಬಂದವರು ನಾವು. ಅವನ ಚೀಲ ನೋಡಿದವರು ಯಾರೂ ಇಲ್ಲ. ಅವನ ಅಪ್ಪ ಬೈಯಲು ಬಾಯಿ ತೆರೆದರು. ಆಗ ಅವ್ವ ಒಳಗಿನಿಂದ ಒಂದು ಹಿಡಿ ಚಿಪ್ಪು ತಂದು ಕಟ್ಟೆಯ ಮೇಲೆ ಸುರಿದರು. ಅವನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡವರು ಅವರೇ. ಅಪ್ಪ ಸುಮ್ಮನಾದರು.

ಮುತ್ಯಾ ಎದ್ದು ಹೋಗಿ ಬಾವಿಯ ದಂಡೆಯಿಂದ ಒಂದು ಕರಿಕಲ್ಲಿನ ಚೂರು ತಂದರು. ಎರಡನ್ನೂ ಪಕ್ಕಪಕ್ಕ ಇಟ್ಟರು. ನಮ್ಮದು ಕಪ್ಪು, ಭಾರ. ಅದು ಬೂದಿ ಬಣ್ಣದ್ದು, ತುಸು ಹಗುರ. ಒದ್ದೆ ಮಾಡಿ ನೋಡಿದರು, ಉಗುರಿನಿಂದ ಕೆರೆದರು. "ಬ್ಯಾರೆನs ಐತಿ" ಎಂದು ಒಪ್ಪಿಕೊಂಡರು. ಆಮೇಲೆ ಹುಡುಗನಿಗೆ ಹೇಳಿದರು: "ಇದು ನಮ್ಮದಲ್ಲ. ಅಲ್ಲೇ ಮುಟ್ಟಿಸಬೇಕು."

ನಮ್ಮ ನೆಂಟರ ಹುಡುಗಿ ಅಕ್ಟೋಬರ್‌ನಲ್ಲಿ ಗೆಳತಿಯ ಮದುವೆಗೆ ಉಡುಪಿಗೆ ಹೋಗುವವಳಿದ್ದಾಳೆ. ಅಷ್ಟೊತ್ತಿಗೆ ದೋಣಿಗಳೂ ಶುರುವಾಗಿರುತ್ತವೆ. ಕಲ್ಲು ಮತ್ತು ಚಿಪ್ಪು ಹಳೆಯ ಪತ್ರಿಕೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿದೆ. ಮೇಲೆ ಹುಡುಗನೇ ಬರೆದಿದ್ದಾನೆ: 'ತೋನ್ಸೆಪಾರ್, ಪಡುವಣ ದಂಡೆ.'